ಸಿಯೆನಾದಿಂದ ಸಮುದ್ರದವರೆಗೆ, ಬಿಳಿ ರಸ್ತೆಯ ಮೇಲೆ

ಇಟಲಿಯ ಟಸ್ಕನಿ ಪ್ರಾಂತ್ಯದ ಸಿಯೆನಾ ಬಿಟ್ಟು ಸ್ವಲ್ಪ ಹೊತ್ತಿಗೇ ಡಾಂಬರು ಮುಗಿಯಿತು. ಎದುರಿಗೆ ಬಿಳಿ ರಸ್ತೆ. ಬಿಳಿ ಅಂದರೆ ಸುಣ್ಣದ ಬಿಳಿ ಅಲ್ಲ, ಜೋಳದ ಹಿಟ್ಟಿನ ಬಣ್ಣ. ಚಕ್ರ ಅದರ ಮೇಲೆ ಹತ್ತಿದ ಕೂಡಲೇ ಸದ್ದು ಬದಲಾಯಿತು, ಹುರಿಗಡಲೆ ಅಗಿದ ಹಾಗೆ ಕರಕರ. ಮುಂದೆ ಹೋಗುತ್ತಿದ್ದ ತಮ್ಮ ತಿರುಗಿ ನೋಡಿ, "ಅಕ್ಕಾ, ಇಳಿಜಾರಲ್ಲಿ ಮುಂದಿನ ಬ್ರೇಕ್ ಜೋರಾಗಿ ಹಿಡೀಬೇಡ, ಜಾರುತ್ತೆ" ಅಂದ.

ಅವನು ಓದುತ್ತಿರುವುದು ಟ್ಯೂರಿನ್‌ನಲ್ಲಿ. ನಾನು ಮೈಸೂರಿನಿಂದ ಹೋಗಿದ್ದೆ. ಸೆಪ್ಟೆಂಬರ್ ಕೊನೆಯ ವಾರ, ಕೈಯಲ್ಲಿ ನಾಲ್ಕು ದಿನ, ಬಾಡಿಗೆಗೆ ತೆಗೆದುಕೊಂಡ ಎರಡು ಗ್ರ್ಯಾವೆಲ್ ಸೈಕಲ್, ಅಂದರೆ ಜಲ್ಲಿ ದಾರಿಗೆಂದೇ ಮಾಡಿದವು. ಟೈರ್ 40 ಮಿ.ಮೀ. ಅಗಲ, ಒಳಗೆ ಟ್ಯೂಬ್ ಇಲ್ಲ. ದಿನಕ್ಕೆ 40-50 ಕಿ.ಮೀ. ಸಾಕು ಅಂತ ಮೊದಲೇ ಮಾತಾಗಿತ್ತು. ಸಿಯೆನಾದಿಂದ ಅಷಾನೊ, ಅಲ್ಲಿಂದ ಮೊಂಟಾಲ್ಚೀನೊ, ಆಮೇಲೆ ಪಗಾನಿಕೊ, ಕೊನೆಗೆ ಅಲ್ಬೆರೇಸೆ ಊರಿನ ಹತ್ತಿರ ಸಮುದ್ರ.

ಈ ದಾರಿಗಳಿಗೆ ಅಲ್ಲಿಯವರು ಹೇಳುವುದು 'ಸ್ತ್ರಾದೆ ಬಿಯಾಂಕೆ', ಅಂದರೆ ಬಿಳಿ ರಸ್ತೆಗಳು ಅಂತಲೇ. ಇದೇ ಹೆಸರಿನ ವೃತ್ತಿಪರ ಸೈಕಲ್ ರೇಸ್ 2007ರಲ್ಲಿ ಶುರುವಾಗಿದ್ದು, ಅದು ಮುಗಿಯುವುದು ಸಿಯೆನಾದ ಕಾಂಪೊ ಚೌಕದಲ್ಲಿ. ಆದರೆ ನನಗೆ ಮನಸ್ಸಿಗೆ ಹತ್ತಿರವಾದದ್ದು ಅದಕ್ಕೂ ಹತ್ತು ವರ್ಷ ಹಿಂದಿನ ಕಥೆ. 1997ರಲ್ಲಿ ಕಿಯಾಂತಿ ಬೆಟ್ಟಗಳ ಗಯೋಲೆ ಎಂಬ ಊರಿನಿಂದ 92 ಜನ ಹಳೇ ಉಕ್ಕಿನ ಸೈಕಲ್ ಹತ್ತಿ ಹೊರಟರು. 'ಲೆರೊಯಿಕಾ' ಅಂತ ಹೆಸರು. ಈ ರಸ್ತೆಗಳು ಡಾಂಬರಿನ ಕೆಳಗೆ ಹೋಗಬಾರದು, ಮಣ್ಣಿನ ದಾರಿಗಳಾಗೇ ಉಳಿಯಬೇಕು ಎನ್ನುವುದು ಅದರ ಹಿಂದಿನ ಆಸೆ. ಈಗ ಅದೇ ದಾರಿ 209 ಕಿ.ಮೀ. ಉದ್ದದ ಸುತ್ತು, ವರ್ಷವಿಡೀ ಯಾರು ಬೇಕಾದರೂ ಹೋಗಬಹುದು, ತಿರುವುಗಳಲ್ಲಿ ಫಲಕ ಇದೆ. ಡಾಂಬರು ಬಂದರೆ ಊರು ಉದ್ಧಾರವಾಯಿತು ಅನ್ನುವ ಮಾತು ಕೇಳುತ್ತಲೇ ಬೆಳೆದವಳು ನಾನು. ಮಣ್ಣಿನ ರಸ್ತೆಯನ್ನು ಇಷ್ಟು ಆಸೆಯಿಂದ ಕಾಪಾಡಿಕೊಂಡವರನ್ನು ನೋಡಿದ್ದು ಇದೇ ಮೊದಲು.

ಮೊದಲ ದಿನದ ದೊಡ್ಡ ತುಂಡು ಮೊಂಟೆ ಸಾಂತೆ ಮರಿಯೆ. 11.5 ಕಿ.ಮೀ. ಬರೀ ಜಲ್ಲಿ. ಸ್ತ್ರಾದೆ ಬಿಯಾಂಕೆ ರೇಸನ್ನು 2008, 2012, 2016ರಲ್ಲಿ ಗೆದ್ದ ಫಾಬಿಯನ್ ಕಾಂಚೆಲ್ಲಾರಾ ಹೆಸರನ್ನು ಈ ದಾರಿಗೆ ಇಟ್ಟಿದ್ದಾರೆ. ಇಳಿ, ಹತ್ತು, ಮತ್ತೆ ಇಳಿ, ಮತ್ತೆ ಹತ್ತು. ಸಮತಟ್ಟು ಅನ್ನುವುದೇ ಇಲ್ಲ. ಎರಡು ಕಡೆಯೂ ಗೋಧಿ ಕೊಯ್ದು ಉತ್ತ ಹೊಲಗಳು, ಬೂದಿ ಬಣ್ಣದ ಹೆಂಟೆಗಳು, ಒಂದೊಂದೂ ಬುಟ್ಟಿಯಷ್ಟು ದಪ್ಪ. ದೂರದಲ್ಲಿ ಒಂಟಿ ಮನೆ, ಅದರ ಬಾಗಿಲಿನ ತನಕ ಸಾಲಾಗಿ ಸೈಪ್ರೆಸ್ ಮರ. ಬೇರೆ ಮರವೇ ಕಡಿಮೆ. ಈ ಸೀಮೆಗೆ ಕ್ರೇತೆ ಸೆನೇಸಿ ಅಂತ ಹೆಸರು. ಕ್ರೇತೆ ಅಂದರೆ ಜೇಡಿಮಣ್ಣು.

ನೀರು ಕುಡಿಯಲು ನಿಂತಾಗ ರಸ್ತೆ ಪಕ್ಕದ ಒಂದು ಹೆಂಟೆಯಲ್ಲಿ ಏನೋ ಹೊಳೆದ ಹಾಗಾಯಿತು. ಬಗ್ಗಿ ನೋಡಿದರೆ ಚಿಪ್ಪು. ಕಿರುಬೆರಳಿನ ಉಗುರಿನಷ್ಟೇ ದೊಡ್ಡದು, ಅಂಚಿನ ಗೆರೆಗಳು ಕೂಡ ಹಾಗೇ ಇದ್ದವು. ಸಮುದ್ರ ಎಷ್ಟೋ ದೂರ, ನಾವು ನಿಂತಿದ್ದು ಗುಡ್ಡದ ಮೇಲೆ. ಸುಮಾರು 25ರಿಂದ 45 ಲಕ್ಷ ವರ್ಷಗಳ ಹಿಂದೆ ಇದೆಲ್ಲ ಸಮುದ್ರದ ತಳವಾಗಿತ್ತಂತೆ, ಅಲ್ಲಿ ಕೂತ ಕೆಸರೇ ಈಗಿನ ಈ ಜೇಡಿ. ತಮ್ಮ ಅದನ್ನು ಹೇಳುತ್ತಿದ್ದಾಗ ನಾನು ಚಿಪ್ಪನ್ನು ಅಂಗೈ ಮೇಲೆ ಇಟ್ಟುಕೊಂಡು ಸುಮ್ನೆ ನಿಂತಿದ್ದೆ. ಆಮೇಲೆ ಅದೇ ಹೆಂಟೆಯ ಮೇಲೆ ವಾಪಸ್ ಇಟ್ಟೆ. ಅಲ್ಲಿಂದ ಮುಂದೆ ನಾವು ಒಣಗಿದ ಒಂದು ಸಮುದ್ರದಿಂದ ಅಲೆಯಿರುವ ಇನ್ನೊಂದಕ್ಕೆ ಹೋಗುತ್ತಿದ್ದೇವೆ ಅನ್ನುವುದು ತಲೆಯಿಂದ ಹೋಗಲೇ ಇಲ್ಲ.

ಆ ರಾತ್ರಿ ಅಷಾನೊದಲ್ಲಿ ಮಳೆ ಬಂತು. ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು, ಹೊಲದ ನಡುವಿನ ಕಾಲುದಾರಿ ಹಿಡಿದೆವು. ನೂರು ಮೀಟರ್ ಹೋಗಿದ್ದೆವೋ ಇಲ್ಲವೋ, ಜೇಡಿ ಟೈರಿಗೆ ಮೆತ್ತಿಕೊಂಡು, ಫೋರ್ಕ್ ಸಂದಿಯಲ್ಲಿ ತುಂಬಿ ಚಕ್ರ ತಿರುಗುವುದೇ ನಿಂತಿತು. ಸೈಕಲ್ ತಳ್ಳಲೂ ಆಗಲಿಲ್ಲ, ಹೆಗಲ ಮೇಲೆ ಹೊತ್ತುಕೊಂಡು ವಾಪಸ್ ಬಂದು, ಕಡ್ಡಿ ತೆಗೆದುಕೊಂಡು ಅರ್ಧ ಗಂಟೆ ಕೆರೆದೆವು. ಇಟಲಿಯ ದೊಡ್ಡ ಸೈಕಲ್ ರೇಸ್ ಜಿರೊ ದಿತಾಲಿಯಾದಲ್ಲಿ, 2010ರಲ್ಲಿ, ಮೊಂಟಾಲ್ಚೀನೊ ಕಡೆಯ ಇಂಥದೇ ದಾರಿಗಳಲ್ಲಿ ಮಳೆಗೆ ಸಿಕ್ಕಿ, ಸವಾರರ ಗುರುತು ಸಿಗದಷ್ಟು ಕೆಸರಾಗಿತ್ತು. ಆ ದಿನ ಗೆದ್ದದ್ದು ಕ್ಯಾಡೆಲ್ ಇವಾನ್ಸ್. ಹೋಗುವವರಿಗೆ ಒಂದು ಮಾತು: ಮಳೆ ಬಂದ ಮಾರನೇ ದಿನ ಜಲ್ಲಿ ಹಾಕಿದ ಬಿಳಿ ರಸ್ತೆಯಲ್ಲಿ ಧೈರ್ಯವಾಗಿ ಹೋಗಿ, ಹೊಲದ ದಾರಿಗೆ ಮಾತ್ರ ಇಳಿಯಬೇಡಿ. ನಾವು ಡಾಂಬರು ರಸ್ತೆಯಲ್ಲೇ ಮೊಂಟಾಲ್ಚೀನೊ ದಾರಿಯಲ್ಲಿ ಸಿಗುವ ಬುವೊನ್‌ಕೊನ್ವೆಂತೊ ಊರು ಸೇರಿದೆವು.

ನೀರಿನ ವಿಷಯ ಹೇಳಲೇಬೇಕು. ಮಧ್ಯಾಹ್ನ ಹಳ್ಳಿಗಳಲ್ಲಿ ಅಂಗಡಿ ಮುಚ್ಚಿರುತ್ತವೆ. ಆಗ ಹುಡುಕಬೇಕಾದದ್ದು ಸ್ಮಶಾನ. ಊರಾಚೆ ಗೋಡೆ ಕಟ್ಟಿ, ಸೈಪ್ರೆಸ್ ನೆಟ್ಟ ಜಾಗ ಕಂಡರೆ ಒಳಗೆ ನಲ್ಲಿ ಇರುತ್ತದೆ, ಹೂದಾನಿಗೆ ನೀರು ತುಂಬಲು ಇಟ್ಟದ್ದು. ಕುಡಿಯುವಂತಿಲ್ಲ ಅಂತ ಫಲಕ ಇದೆಯಾ ನೋಡಿಕೊಳ್ಳಬೇಕು, ಅಷ್ಟೇ. ನನಗೆ ಮೊದಲು ಮನಸ್ಸೇ ಬರಲಿಲ್ಲ. ಒಳಗೆ ಒಬ್ಬ ಅಜ್ಜಿ ಒಂದು ಗೋರಿಯ ಮುಂದಿನ ಹೂವಿನ ನೀರು ಬದಲಿಸುತ್ತಿದ್ದರು. ನಮ್ಮ ಖಾಲಿ ಬಾಟಲಿ ನೋಡಿ ಅವರೇ ಪಕ್ಕಕ್ಕೆ ಸರಿದು ನಲ್ಲಿ ತಿರುಗಿಸಿ ಹಿಡಿದರು. ಹೊರಡುವಾಗ ರಸ್ತೆಯ ಏರು ತೋರಿಸಿ "ಪಿಯಾನೊ, ಪಿಯಾನೊ" ಅಂದರು. ನಿಧಾನ, ನಿಧಾನ. ನಮ್ಮಜ್ಜಿ ಬಸ್ಸು ಹತ್ತಿಸುವಾಗ ಹೇಳುತ್ತಿದ್ದ ಹಾಗೇ ಇತ್ತು ಅವರ ದನಿ.

ಮೊಂಟಾಲ್ಚೀನೊ 564 ಮೀಟರ್ ಎತ್ತರದಲ್ಲಿದೆ, ಕಾಲು ಸೋತಿದ್ದವು, ಊರನ್ನು ಸರಿಯಾಗಿ ನೋಡಲಿಲ್ಲ. ಊಟ ಮಾತ್ರ ನೆನಪಿದೆ. ಪಿಚಿ ಅಂತ ಕೈಯಲ್ಲೇ ಹೊಸೆದ ದಪ್ಪ ಶಾವಿಗೆ, ಮೇಲೆ ಬೆಳ್ಳುಳ್ಳಿ ಟೊಮೆಟೊ ಸಾರು. ಮಾಂಸ ತಿನ್ನದವರಿಗೆ ಇಲ್ಲಿ ಕಷ್ಟವಿಲ್ಲ, 'ಸೆಂತ್ಸಾ ಕಾರ್ನೆ' ಅಂದರೆ ಸಾಕು. ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ, ಟಸ್ಕನಿಯ ಪದ್ಧತಿ.

ಮೂರನೇ ದಿನ ಇಳಿತವೇ ಜಾಸ್ತಿ. ಒಂಬ್ರೋನೆ ನದಿ ನಮಗೆ ಆಗಾಗ ಸಿಕ್ಕಿ ತಪ್ಪಿಸಿಕೊಳ್ಳುತ್ತಿತ್ತು. ಪಗಾನಿಕೊ ದಾಟಿದ ಮೇಲೆ ಬೆಟ್ಟ ಹಿಂದೆ ಉಳಿದು ಮರೆಮ್ಮಾ ಬಯಲು ತೆರೆದುಕೊಂಡಿತು. ಒಂದು ಕಾಲಕ್ಕೆ ಇದೆಲ್ಲ ಜೌಗು, ಮಲೇರಿಯಾಕ್ಕೆ ಹೆದರಿ ಜನ ಬರುತ್ತಿರಲಿಲ್ಲ. 19ನೇ ಶತಮಾನದಲ್ಲಿ ಟಸ್ಕನಿಯ ದೊರೆ ಎರಡನೇ ಲಿಯೊಪೋಲ್ಡ್ ಕಾಲದಲ್ಲಿ ಕಾಲುವೆ ತೋಡಿ, ಒಂಬ್ರೋನೆಯ ಕೆಸರು ನೀರನ್ನು ಜೌಗಿಗೆ ತಿರುಗಿಸಿದರು. ನೀರು ಹರಿದು ಹೋಯಿತು, ಕೆಸರು ಕೂತು ನೆಲವಾಯಿತು. ಆ ಕೆಸರು ಎಲ್ಲಿಯದು? ನಾವು ಕಡ್ಡಿಯಲ್ಲಿ ಕೆರೆದು ಬಂದೆವಲ್ಲ, ಅದೇ ಕ್ರೇತೆಯ ಕಡೆಯದು.

ಅಲ್ಬೆರೇಸೆಯಲ್ಲಿ ಮರೆಮ್ಮಾ ತಳಿಯ ಹಸುಗಳನ್ನು ಕಂಡು ಇಬ್ಬರೂ ಸೈಕಲ್ ನಿಲ್ಲಿಸಿದೆವು. ಬೂದು ಮೈ, ಉದ್ದ ಕೊಂಬು. "ಹಳ್ಳಿಕಾರ್ ಥರ ಇದೆ ಅಲ್ವಾ ಅಕ್ಕಾ?" ಅಂದ ತಮ್ಮ. ಹಳ್ಳಿಕಾರ್ ಕೊಂಬು ಹಿಂದಕ್ಕೆ ಬಾಗಿರುತ್ತದೆ, ಇವಕ್ಕೆ ಎರಡೂ ಪಕ್ಕಕ್ಕೆ ಚಾಚಿ ಮೇಲೆದ್ದಿವೆ. ನಿಂತು ನೋಡುವ ಠೀವಿ ಮಾತ್ರ ಒಂದೇ. ಇವನ್ನು ಕುದುರೆ ಮೇಲೆ ಕೂತು ಮೇಯಿಸುವವರಿಗೆ ಬುತ್ತೆರಿ ಅನ್ನುತ್ತಾರೆ.

ಅಲ್ಲಿಂದ ಸಮುದ್ರದ ತನಕ ಸೈಕಲ್ ದಾರಿ. 1975ರಿಂದ ಇದು ಸಂರಕ್ಷಿತ ಉದ್ಯಾನ, ದಡದಲ್ಲಿ ಹೋಟೆಲ್ ಸಾಲು ಇಲ್ಲ. ಕೊಡೆಯಂಥ ಪೈನ್ ಮರಗಳ ನೆರಳು ಮುಗಿದ ಕಡೆ ಸೈಕಲ್ ಒರಗಿಸಿ, ಶೂ ಬಿಚ್ಚಿ, ಮರಳಲ್ಲಿ ಒಂಬ್ರೋನೆ ಬಾಯಿಯ ಕಡೆ ನಡೆದೆವು. ದಡದ ಉದ್ದಕ್ಕೂ ಬಿಸಿಲಿಗೆ ಬೆಳ್ಳಗಾದ ಮರದ ತುಂಡುಗಳು ಬಿದ್ದಿದ್ದವು. ಸಮುದ್ರ ಆಚೆ ಕಡೆ ನೀಲಿ. ನದಿ ಸೇರುವ ಕಡೆ ಮಾತ್ರ ನೀರು ಬೂದಿ ಬಣ್ಣ, ಅಷಾನೊದ ಹೆಂಟೆಗಳದೇ ಬಣ್ಣ. ತಮ್ಮ ಮೊಣಕಾಲಿನ ತನಕ ಇಳಿದು ಕೈ ಅದ್ದಿ ನೋಡಿ, "ಅಕ್ಕಾ, ಮೊನ್ನೆಯ ಮಳೆ ಇದು" ಅಂದ.