ಕೆನಡಾದ ಸಣ್ಣ ತಯಾರಕರ ರೈಫಲ್‌ಗಳು: ಬೆಲೆ ಮತ್ತು ಬಿಡಿಭಾಗಗಳ ಲೆಕ್ಕ

ಕೆನಡಾದಲ್ಲೇ ತಯಾರಾದ ಸೆಮಿ ಆಟೊಮ್ಯಾಟಿಕ್ (ಟ್ರಿಗರ್ ಒಮ್ಮೆ ಎಳೆದರೆ ಒಂದು ಗುಂಡು ಹಾರಿಸಿ, ಮುಂದಿನದನ್ನು ತಾನೇ ತುಂಬಿಕೊಳ್ಳುವ) ರೈಫಲ್‌ಗಳ ಬೆಲೆಯ ಮಾತು ಬಂದಾಗಲೆಲ್ಲ ಶೂಟಿಂಗ್ ಕ್ಲಬ್ಬುಗಳಲ್ಲಿ ಕೇಳಿಬರುತ್ತಿದ್ದ ದೂರು ಒಂದೇ: ಗಡಿಯಾಚೆ ಅಮೆರಿಕದಲ್ಲಿ ಅರ್ಧ ಬೆಲೆಗೆ ಇಂಥದ್ದೇ ರೈಫಲ್ ಸಿಗುವಾಗ ಇಲ್ಲಿನವರು ಇಷ್ಟೊಂದು ಹಣ ಕೇಳುವುದು ಸರಿಯೇ? ಆಲ್ಬರ್ಟಾದ ಮಷೀನ್ ಶಾಪ್ ಒಂದರಲ್ಲಿ ತೈಲಬಾವಿಗಳ ಬಿಡಿಭಾಗಗಳಿಗೆ ಬೆಲೆ ಅಂದಾಜು ಮಾಡುವುದು ನನ್ನ ವೃತ್ತಿ. ಪರವಾನಗಿ ಪಡೆದು ಗುರಿ ಅಭ್ಯಾಸ ಮಾಡುವುದು ಹವ್ಯಾಸ. ಎರಡೂ ಕಡೆಯಿಂದ ನೋಡಿದ ನನಗೆ ಆ ದೂರಿನಲ್ಲಿ ನ್ಯಾಯ ಕಾಣುವುದಿಲ್ಲ. ಈ ರೈಫಲ್‌ಗಳ ಬೆಲೆಯ ಬಹುಪಾಲನ್ನು ನಿರ್ಧರಿಸಿದ್ದು ಕಾನೂನಿನ ಅಳತೆಗಳು ಮತ್ತು ಬ್ಯಾಚಿನ ಗಾತ್ರ. ಯಾವ ಭಾಗವನ್ನು ತಾನೇ ಕೊರೆಯಬೇಕು, ಯಾವುದನ್ನು ಮಾರುಕಟ್ಟೆಯಿಂದ ತರಬೇಕು ಎಂಬ ಆಯ್ಕೆಯಲ್ಲಿ ಮಾತ್ರ ತಯಾರಕನ ಸಾಮರ್ಥ್ಯ ಕಾಣುತ್ತಿತ್ತು.

ಮೊದಲು ಕಾನೂನು. ಕೆನಡಾದಲ್ಲಿ ಬಂದೂಕುಗಳಿಗೆ ನಿರ್ಬಂಧರಹಿತ, ನಿರ್ಬಂಧಿತ, ನಿಷೇಧಿತ ಎಂಬ ಮೂರು ವರ್ಗಗಳಿವೆ. ಸೆಂಟರ್‌ಫೈರ್ (ತಳದ ನಡುವೆ ಕಿಡಿಮದ್ದಿರುವ) ಗುಂಡು ಹಾರಿಸುವ ಸೆಮಿ ಆಟೊಮ್ಯಾಟಿಕ್ ರೈಫಲ್ ಮೊದಲನೆಯ ವರ್ಗದಲ್ಲಿ ಉಳಿಯಬೇಕಾದರೆ ಅದರ ನಳಿಗೆ ಕನಿಷ್ಠ 470 ಮಿಲಿಮೀಟರ್ ಉದ್ದವಿರಬೇಕು. ಭುಜಕ್ಕೆ ಆನಿಸುವ ಹಿಂಬದಿಯ ಸ್ಟಾಕ್ ಮಡಚಿದ ಸ್ಥಿತಿಯಲ್ಲೂ ಗುಂಡು ಹಾರಿಸಬಹುದಾದರೆ, ಹಾಗೆ ಮಡಚಿದಾಗಿನ ಒಟ್ಟು ಉದ್ದ 660 ಮಿಲಿಮೀಟರ್‌ಗಿಂತ ಕಡಿಮೆಯಾಗಬಾರದು. ಮ್ಯಾಗಜೀನಿನಲ್ಲಿ ಐದಕ್ಕಿಂತ ಹೆಚ್ಚು ಗುಂಡು ಹಿಡಿಯಬಾರದು. ಈ ಅಳತೆಗಳಿಗೆ ಸರಿಹೊಂದಿದರೂ, ಹೆಸರಿಸಿ ನಿರ್ಬಂಧಿಸಿದ ಯಾವುದೋ ಮಾದರಿಯ ರೂಪಾಂತರವೆಂದು ಕೆನಡಾದ ರಾಷ್ಟ್ರೀಯ ಪೊಲೀಸ್ ಪಡೆಯಾದ ಆರ್‌ಸಿಎಂಪಿ ಪರಿಗಣಿಸಿದರೆ ಆ ರೈಫಲ್ ವರ್ಗ ಬದಲಿಸುತ್ತದೆ. ಅಮೆರಿಕದ ಎಆರ್-15 ರೈಫಲ್ ಹೀಗೆ ಹೆಸರಿನಿಂದಲೇ ನಿರ್ಬಂಧಿತವಾಗಿದ್ದ ಕಾರಣ, ಅದನ್ನು ಅನುಮೋದಿತ ರೇಂಜಿನ ಹೊರಗೆ ಬಳಸುವಂತಿರಲಿಲ್ಲ. ಹುಲ್ಲುಗಾವಲಿನಲ್ಲಿ ಕೊಯೋಟಿ (ನರಿಯಂಥ ಕಾಡುಪ್ರಾಣಿ) ಬೇಟೆಗೆ ಒಯ್ಯಬಲ್ಲ ಸೆಮಿ ಆಟೊಮ್ಯಾಟಿಕ್ ರೈಫಲ್ ಬೇಕೆಂದವರಿಗಾಗಿಯೇ ಎಆರ್-15 ಅಲ್ಲದ, ಆದರೆ ಅದರ ಸುಲಭಲಭ್ಯ ಭಾಗಗಳನ್ನು ಒಪ್ಪಿಕೊಳ್ಳುವ ದೇಶೀ ವಿನ್ಯಾಸಗಳು ಹುಟ್ಟಿಕೊಂಡವು.

ಇಡೀ ರೈಫಲಿನಲ್ಲಿ ನಾನು ಹೆಚ್ಚು ಹೊತ್ತು ಪರೀಕ್ಷಿಸುವುದು ನಳಿಗೆಯನ್ನು. ಬೆಲೆಯ ಕಥೆಯೂ ಅಲ್ಲೇ ಆರಂಭವಾಗುತ್ತದೆ. ಅಮೆರಿಕದಲ್ಲಿ ರೈಫಲ್ ನಳಿಗೆಗೆ ಕಾನೂನಿನ ಕನಿಷ್ಠ ಉದ್ದ 16 ಇಂಚು. ಆದ್ದರಿಂದ ಅಲ್ಲಿನ ನಳಿಗೆ ಕಾರ್ಖಾನೆಗಳು 16, 18, 20 ಇಂಚಿನವನ್ನು ಸಾಲುಸಾಲಾಗಿ ತಯಾರಿಸುತ್ತವೆ. 470 ಮಿಲಿಮೀಟರ್ ಎಂದರೆ ಹದಿನೆಂಟೂವರೆ ಇಂಚು. ಅಳತೆಯಲ್ಲಿ ಕೂದಲೆಳೆಯಷ್ಟೂ ಕಡಿಮೆಯಾಗದಿರಲೆಂದು ಇಲ್ಲಿನ ತಯಾರಕರು 18.6 ಇಂಚನ್ನು ಆರಿಸಿಕೊಂಡರು. ಈ ಉದ್ದ ಅಮೆರಿಕದ ಕಪಾಟುಗಳಲ್ಲಿ ಸಾಮಾನ್ಯವಾಗಿ ಸಿದ್ಧವಾಗಿರುವುದಿಲ್ಲ. ಅಲ್ಲಿ ಮೂತಿಗೆ ಶಾಶ್ವತವಾಗಿ ಬೆಸೆದ, ಹಿಂದೊದೆತ ತಗ್ಗಿಸುವ ಬ್ರೇಕನ್ನು ನಳಿಗೆಯ ಉದ್ದಕ್ಕೆ ಸೇರಿಸಿ ಲೆಕ್ಕ ಹಾಕಬಹುದು. ಕೆನಡಾದ ಕ್ರಿಮಿನಲ್ ಕೋಡ್ ಮಾತ್ರ ಮೂತಿಯ ಯಾವ ಜೋಡಣೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 16 ಅಥವಾ 18 ಇಂಚಿನ ಸಿದ್ಧ ನಳಿಗೆ ತಂದು ಜೋಡಿಸುವ ಅಗ್ಗದ ದಾರಿ ಅಲ್ಲಿಗೇ ಮುಚ್ಚಿಹೋಯಿತು. ಅಮೆರಿಕದಿಂದ ನಳಿಗೆ ತರಿಸುವುದಕ್ಕೆ ಆ ದೇಶದ ರಫ್ತು ಪರವಾನಗಿಯೂ ಬೇಕು, ಹಣವನ್ನು ಅಮೆರಿಕನ್ ಡಾಲರಿನಲ್ಲಿ ತೆರಬೇಕು. ಇತ್ತೀಚಿನ ವರ್ಷಗಳಲ್ಲಿ ಅವರ ನೂರು ಡಾಲರಿಗೆ ನಮ್ಮವು ಹೆಚ್ಚಾಗಿ 125ರಿಂದ 140ರಷ್ಟು ಬಿದ್ದಿವೆ. ಬ್ರಿಟಿಷ್ ಕೊಲಂಬಿಯಾದ ಐಬಿಐ, ಡ್ಲಾಸ್ಕ್‌ನಂಥ ದೇಶೀ ನಳಿಗೆ ತಯಾರಕರ ಕೆಲಸ ಅಚ್ಚುಕಟ್ಟಾದದ್ದು. ಆದರೆ ಅವರದು ನಿಖರ ಗುರಿಗಾರರಿಗಾಗಿ ರೂಪಿಸಿದ ಕೆಲಸವಾದ್ದರಿಂದ ಬೆಲೆಯೂ ಆ ಮಟ್ಟದ್ದು.

ನಳಿಗೆಯ ಲೋಹದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. 416ಆರ್ ಸ್ಟೇನ್‌ಲೆಸ್ ಉಕ್ಕು ನಿಖರತೆಗೆ ಹೆಸರಾದದ್ದು, ನಿಜ. ಆದರೆ ವೇಗವಾಗಿ ಗುಂಡು ಹಾರಿಸಿ ಬಿಸಿಯಾಗುವ, ಮಂಜಿನಲ್ಲಿ ಒಯ್ದು ಮನೆಯ ಬೆಚ್ಚಗಿನ ಗಾಳಿಗೆ ತರುವ ಬೇಟೆ ರೈಫಲಿಗೆ ನೈಟ್ರೈಡ್ ಮೇಲ್ಮೈ ಸಂಸ್ಕಾರ ಪಡೆದ ಕ್ರೋಮ್-ಮಾಲಿಬ್ಡಿನಂ ಉಕ್ಕೇ ಯೋಗ್ಯ, ಬೆಲೆಯೂ ಕಡಿಮೆ. .223 ಗಾತ್ರದಲ್ಲಿ ನಳಿಗೆಯೊಳಗಿನ ಸುರುಳಿಗೆರೆಗಳ ಎಂಟು ಇಂಚಿಗೆ ಒಂದು ಸುತ್ತಿನ ತಿರುವು 55 ಗ್ರೇನ್ ತೂಕದ ಅಗ್ಗದ ಗುಂಡಿನಿಂದ ಹಿಡಿದು 77 ಗ್ರೇನಿನ ಸ್ಪರ್ಧಾಗುಂಡಿನವರೆಗೆ ಎಲ್ಲವನ್ನೂ ನಿಭಾಯಿಸುತ್ತದೆ. ಗುಂಡು ಕೂರುವ ಛೇಂಬರ್ ‘ವೈಲ್ಡ್’ ಎಂಬ ಅಳತೆಯದಾಗಿದ್ದರೆ .223 ಮತ್ತು ಅದರ ಸೇನಾ ರೂಪವಾದ 5.56 ಎರಡನ್ನೂ ನಿಶ್ಚಿಂತೆಯಿಂದ ಬಳಸಬಹುದು. ತಯಾರಕ ಈ ವಿವರಗಳನ್ನು ಬಿಡಿಸಿ ಹೇಳದೆ ಹ್ಯಾಂಡ್‌ಗಾರ್ಡಿನ ಬಣ್ಣಗಳನ್ನಷ್ಟೇ ವರ್ಣಿಸಿದರೆ ನಾನು ಆ ರೈಫಲನ್ನು ಪಕ್ಕಕ್ಕಿಡುತ್ತಿದ್ದೆ.

ರಿಸೀವರಿನ, ಅಂದರೆ ಬೋಲ್ಟು, ಟ್ರಿಗರುಗಳನ್ನು ಹಿಡಿದಿಡುವ ಒಡಲಿನ ವಿಷಯದಲ್ಲಿ ನನ್ನ ವೃತ್ತಿಯ ಲೆಕ್ಕ ನೇರವಾಗಿ ಅನ್ವಯಿಸುತ್ತದೆ. ಅಮೆರಿಕದ ದೊಡ್ಡ ತಯಾರಕರು ಅಚ್ಚಿನಲ್ಲಿ ಬಡಿದು ರೂಪಿಸಿದ 7075 ಅಲ್ಯೂಮಿನಿಯಮ್ ತುಂಡನ್ನು ತಂದು ಸ್ವಲ್ಪವೇ ಕೊರೆಯುತ್ತಾರೆ. ಆ ಅಚ್ಚಿನ ಖರ್ಚು ಸಾವಿರಾರು ರಿಸೀವರುಗಳ ಮೇಲೆ ಹಂಚಿಹೋದಾಗ ಮಾತ್ರ ಗಿಟ್ಟುತ್ತದೆ. ಕೆಲವು ನೂರು ರೈಫಲ್ ಮಾಡುವವನಿಗೆ ಆ ದಾರಿ ಇಲ್ಲ; ಅವನು ಇಡೀ ಗಟ್ಟಿಯನ್ನು ಕಂಪ್ಯೂಟರ್ ನಿಯಂತ್ರಿಸುವ ಸಿಎನ್‌ಸಿ ಯಂತ್ರಕ್ಕೆ ಕಟ್ಟಿ, ಅದರ ಬಹುಭಾಗವನ್ನು ಚೂರು ಮಾಡಿ ತೆಗೆದುಹಾಕಿ, ಉಳಿದದ್ದನ್ನು ರಿಸೀವರ್ ಮಾಡಬೇಕು. ವಿನ್ಯಾಸ, ಪ್ರೋಗ್ರಾಂ, ತುಂಡನ್ನು ಹಿಡಿದಿಡುವ ಫಿಕ್ಸ್ಚರ್, ಮಾದರಿ ತುಂಡುಗಳಿಗೆ ಒಟ್ಟು ಅರುವತ್ತು ಸಾವಿರ ಡಾಲರ್ ಖರ್ಚಾಯಿತೆಂದು ಊಹಿಸೋಣ. ಮುನ್ನೂರು ರೈಫಲ್ ಮಾರಿದರೆ ಪ್ರತಿಯೊಂದರ ಮೇಲೂ ಇನ್ನೂರು ಡಾಲರ್ ಬೀಳುತ್ತದೆ. ಮೂವತ್ತು ಸಾವಿರ ಮಾರಿದರೆ ಎರಡೇ ಡಾಲರ್. ಹೊಸ ಭಾಗವನ್ನು ಯಂತ್ರಕ್ಕೆ ಹೊಂದಿಸುವವನು ಮೊದಲ ತುಂಡನ್ನು ಅಳೆದು, ತಿದ್ದಿ, ಮತ್ತೆ ಅಳೆದು ಇಡೀ ಪಾಳಿ ಕಳೆಯುವುದನ್ನು ನಾನು ದಿನವೂ ಕಾಣುತ್ತೇನೆ. ಅದರ ನಂತರದ ತುಂಡುಗಳು ಒಂದರ ಹಿಂದೊಂದು ಸರಾಗವಾಗಿ ಇಳಿಯುತ್ತವೆ. ಸಣ್ಣ ಬ್ಯಾಚಿನ ಗಿರಾಕಿ ತೆರುವುದು ಆ ಮೊದಲ ಪಾಳಿಯ ಪಾಲನ್ನು.

ಹೊರಗಿನಿಂದ ತರುವ ಭಾಗಗಳಲ್ಲಿ ತಯಾರಕರು ಆರಿಸಿಕೊಂಡ ದಾರಿ ವಿವೇಕದ್ದೆಂದು ನನಗೆ ತೋರುತ್ತದೆ. ಈ ದೇಶೀ ರೈಫಲ್‌ಗಳಲ್ಲಿ ಹಲವು 1960ರ ದಶಕದ ಆರ್ಮಲೈಟ್ ಎಆರ್-18ರ ತತ್ತ್ವವನ್ನು ಅನುಸರಿಸಿದವು: ಅನಿಲದ ಒತ್ತಡದಿಂದ ಚಲಿಸುವ ಗಿಡ್ಡ ಪಿಸ್ಟನ್, ಛೇಂಬರ್ ಮುಚ್ಚುವ ಬೋಲ್ಟನ್ನು ಹೊತ್ತು ಚಲಿಸುವ ಬೋಲ್ಟ್ ಕ್ಯಾರಿಯರಿನ ಜೊತೆಗೇ ಕೂರುವ ಸ್ಪ್ರಿಂಗುಗಳು. ಎಆರ್-15ರಂತೆ ಹಿಂಬದಿಗೆ ಸ್ಪ್ರಿಂಗ್ ಹಿಡಿದಿಡುವ ಬಫರ್ ಕೊಳವೆ ಬೇಕಿಲ್ಲದ ಕಾರಣ ಮಡಚುವ ಸ್ಟಾಕ್ ಸಲೀಸಾಗಿ ಕೂರುತ್ತದೆ. ಆದರೆ ಟ್ರಿಗರ್, ಪಿಸ್ತೂಲು ಹಿಡಿ, ಸೇಫ್ಟಿ, ಮ್ಯಾಗಜೀನ್ ಇವೆಲ್ಲ ಎಆರ್-15ರವೇ. ಸವೆಯುವ, ಮುರಿಯುವ, ಬಳಕೆದಾರ ತನ್ನ ಕೈಗೆ ಒಗ್ಗುವಂತೆ ಬದಲಿಸಬಯಸುವ ಭಾಗಗಳೆಲ್ಲ ಸಾಮಾನ್ಯ ಮಾರುಕಟ್ಟೆಯವು. ಬೇರೆ ದಾರಿಯಿಲ್ಲದ ಕಡೆ ಮಾತ್ರ ಸ್ವಂತದ್ದು. ಬೋಲ್ಟ್ ಕ್ಯಾರಿಯರ್, ಪಿಸ್ಟನ್, ಸ್ಪ್ರಿಂಗ್ ದಂಡಗಳಂಥ ಸ್ವಂತ ಭಾಗಗಳೇ ಕೊಳ್ಳುವವನ ಚಿಂತೆಯಾಗಬೇಕಿತ್ತು, ಏಕೆಂದರೆ ತಯಾರಕ ಬಾಗಿಲು ಮುಚ್ಚಿದ ದಿನ ಅವು ಮತ್ತೆಲ್ಲೂ ಸಿಗುವುದಿಲ್ಲ. ರೈಫಲಿನೊಂದಿಗೇ ಹೆಚ್ಚುವರಿ ಸ್ಪ್ರಿಂಗು, ಫೈರಿಂಗ್ ಪಿನ್, ಎಕ್ಸ್‌ಟ್ರಾಕ್ಟರ್ ಕೊಡುವ ತಯಾರಕನಿಗೆ ನೂರು ಡಾಲರ್ ಹೆಚ್ಚು ಕೊಟ್ಟರೂ ಅದು ಲಾಭದ ವ್ಯಾಪಾರ. ಅದೇ ನೂರು ಡಾಲರನ್ನು ಹೆಸರಾಂತ ಕಂಪನಿಯ ಸ್ಟಾಕಿಗಾಗಿ ಮೊದಲೇ ಬೆಲೆಯಲ್ಲಿ ಸೇರಿಸಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಸ್ಟಾಕನ್ನು ಯಾರು ಬೇಕಾದರೂ ಆಮೇಲೆ ಬದಲಿಸಬಹುದು, ಬೋಲ್ಟಿನ ಉಕ್ಕನ್ನು ಬದಲಿಸಲಾಗದು.

ಬೆಲೆಯ ಎರಡು ತುದಿಗಳನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಕೊಡಿಯಾಕ್ ಡಿಫೆನ್ಸ್ ತಯಾರಿಸಿದ ಡಬ್ಲ್ಯುಕೆ180-ಸಿ ಮಾರುಕಟ್ಟೆಗೆ ಬಂದಾಗ ಸಾವಿರ ಡಾಲರಿನ ಆಸುಪಾಸಿನಲ್ಲಿತ್ತು. ಸರಳ ಮೇಲ್ಮೈ, ಸಾದಾ ಟ್ರಿಗರ್, ಅಲಂಕಾರವಿಲ್ಲದ ಹ್ಯಾಂಡ್‌ಗಾರ್ಡ್. ಉಳಿದದ್ದನ್ನು ಕೊಂಡವನೇ ನಿಧಾನವಾಗಿ ಸುಧಾರಿಸಿಕೊಳ್ಳಲಿ ಎಂಬ ನಿಲುವು. ಇನ್ನೊಂದು ತುದಿಯಲ್ಲಿ ಕ್ಯಾಲ್ಗರಿಯ ಆಲ್ಬರ್ಟಾ ಟ್ಯಾಕ್ಟಿಕಲ್ ರೈಫಲ್‌ನವರ ಮಾಡರ್ನ್ ಹಂಟರ್; .308ರಂಥ ದೊಡ್ಡ ಗುಂಡಿಗೆ ಹೊಂದುವ, ಗಟ್ಟಿ ಅಲ್ಯೂಮಿನಿಯಮ್ಮಿನಿಂದ ಕೊರೆದ ರಿಸೀವರಿನ, ಮೂರು ಸಾವಿರ ಡಾಲರ್ ದಾಟುತ್ತಿದ್ದ ರೈಫಲ್. ಮೊದಲನೆಯದನ್ನು ಅಗ್ಗದ ಮಾಲೆಂದೂ ಎರಡನೆಯದನ್ನು ದುಬಾರಿ ಶೋಕಿಯೆಂದೂ ತಳ್ಳಿಹಾಕುವುದು ಸುಲಭ, ಆದರೆ ತಪ್ಪು. ಎರಡೂ ಪ್ರಾಮಾಣಿಕ ಬೆಲೆಗಳೇ. ಜೋಡಣೆಯ ಮೇಜಿನಲ್ಲಿ ಕಳೆಯುವ ಗಂಟೆಗಳು ಬೇರೆ, ಅಷ್ಟೇ. ಇದರ ಮೇಲೆ ತೆರಿಗೆ: ಎರಡು ಸಾವಿರ ಡಾಲರಿನ ರೈಫಲಿಗೆ ಶೇ 5ರ ಆಲ್ಬರ್ಟಾದಲ್ಲಿ 2,100, ಶೇ 13ರ ಒಂಟಾರಿಯೊದಲ್ಲಿ 2,260.

ಮೇಲೆ ಹಲವೆಡೆ ಭೂತಕಾಲ ಬಳಸಿರುವುದಕ್ಕೆ ಕಾರಣವಿದೆ. 2020ರ ಮೇ 1ರಂದು ಸರ್ಕಾರ ಸುಮಾರು 1,500 ಮಾದರಿಗಳನ್ನು ನಿಷೇಧಿಸಿತು; ಎಆರ್-15 ಮತ್ತು ಅದರದೇ ಬಗೆಯ, .308ರಂಥ ದೊಡ್ಡ ಗುಂಡಿನ ಎಆರ್-10 ಕುಟುಂಬಗಳು ಅದರಲ್ಲಿದ್ದವು, ಮಾಡರ್ನ್ ಹಂಟರ್ ಕೂಡ ಅದೇ ಬಲೆಗೆ ಬಿತ್ತು. ಉಳಿದುಕೊಂಡ, ಎಆರ್-18ರ ಸೆಮಿ ಆಟೊಮ್ಯಾಟಿಕ್ ರೂಪವಾದ ಎಆರ್-180 ಬಗೆಯ ರೈಫಲ್‌ಗಳಿಗೆ ಬೇಡಿಕೆ ಏರಿತು. 2023ರ ಡಿಸೆಂಬರ್ 15ರಂದು ಸಿ-21 ಮಸೂದೆ ಕಾಯಿದೆಯಾಯಿತು. ಆ ದಿನದಿಂದಾಚೆಗೆ ವಿನ್ಯಾಸಗೊಂಡು ತಯಾರಾಗುವ, ಮೂಲತಃ ಆರು ಅಥವಾ ಹೆಚ್ಚು ಗುಂಡಿನ ತೆಗೆಯಬಲ್ಲ ಮ್ಯಾಗಜೀನಿಗಾಗಿ ರೂಪಿಸಿದ ಸೆಂಟರ್‌ಫೈರ್ ಸೆಮಿ ಆಟೊಮ್ಯಾಟಿಕ್ ಬಂದೂಕುಗಳು ನಿಷೇಧಿತವೆಂದು ಅದು ಸಾರಿತು. ಹೊಸ ವಿನ್ಯಾಸಕ್ಕೆ ಹಣ ಹೂಡಲು ಯಾರಿಗೂ ಕಾರಣ ಉಳಿಯಲಿಲ್ಲ. ನಂತರ 2024ರ ಡಿಸೆಂಬರ್ 5ರಂದು 324, 2025ರ ಮಾರ್ಚ್ 7ರಂದು 179 ಮಾದರಿಗಳು ಪಟ್ಟಿಗೆ ಸೇರಿದಾಗ ಈ ದೇಶೀ ರೈಫಲ್‌ಗಳ ಬಹುಪಾಲು ಮಾರಾಟದಿಂದಲೂ ಬಳಕೆಯಿಂದಲೂ ಹೊರಬಿದ್ದವು. ಯಾವುದೇ ಮಾದರಿಯ ಇಂದಿನ ಸ್ಥಿತಿಯನ್ನು ಆರ್‌ಸಿಎಂಪಿಯ ಬಂದೂಕು ಉಲ್ಲೇಖ ಪಟ್ಟಿಯಲ್ಲೇ ನೋಡಿಕೊಳ್ಳಬೇಕು, ಮಾರುವವನ ಮಾತಿನಲ್ಲಲ್ಲ.

ಹಾಗಾಗಿ ಬೆಲೆಯ ಪ್ರಶ್ನೆ ಈಗ, ನಿಷೇಧಿತ ರೈಫಲ್ ಒಪ್ಪಿಸುವವರಿಗೆ ಸರ್ಕಾರ ಕೊಡುವ ಪರಿಹಾರಧನದ ಪ್ರಶ್ನೆಯಾಗಿದೆ. 2022ರ ಜುಲೈನಲ್ಲಿ ಸರ್ಕಾರ ಮುಂದಿಟ್ಟ ಪ್ರಸ್ತಾವಿತ ದರಪಟ್ಟಿಯಲ್ಲಿ ಎಆರ್-10, ಎಆರ್-15 ಕುಟುಂಬಕ್ಕೆಲ್ಲ ಒಟ್ಟಾಗಿ 1,337 ಡಾಲರ್ ಎಂದು ನಮೂದಿಸಲಾಗಿತ್ತು. ಲಕ್ಷಗಟ್ಟಲೆ ತಯಾರಾದ ರೈಫಲಿಗೆ ಕುಟುಂಬದ ಸರಾಸರಿ ಸರಿಹೋಗಬಹುದು. ಕೆಲವೇ ನೂರು ತಯಾರಾದದ್ದಕ್ಕೆ ಅದು ಅನ್ಯಾಯ. ಪ್ರತಿ ಮಾದರಿಯ ನಿಜವಾದ ಮಾರಾಟ ಬೆಲೆಯನ್ನು ಅಂಗಡಿಗಳ ರಸೀದಿಗಳಿಂದ ತಿಳಿಯಬಹುದು. 2022ರ ಮೇ 18ರಿಂದ ನಿರ್ಬಂಧರಹಿತ ಬಂದೂಕುಗಳ ಮಾರಾಟದ ದಾಖಲೆಯನ್ನು ವ್ಯಾಪಾರಿಗಳು ಇಪ್ಪತ್ತು ವರ್ಷ ಇಟ್ಟುಕೊಳ್ಳಬೇಕೆಂಬ ನಿಯಮವೂ ಇದೆ. ದೇಶೀ ರೈಫಲ್ ಇರುವವರು ಕೊಂಡ ರಸೀದಿಯ ಜೊತೆಗೆ ಬದಲಿಸಿದ ಟ್ರಿಗರ್, ಹೆಚ್ಚುವರಿ ನಳಿಗೆಗಳ ಬಿಲ್ಲುಗಳನ್ನೂ ಒಂದೇ ಕಡತದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ತಯಾರಕ ಈಗ ಇಲ್ಲದಿದ್ದರೆ ಆ ರೈಫಲಿನ ಬೆಲೆಗೆ ಉಳಿದಿರುವ ಸಾಕ್ಷಿ ಅಷ್ಟೇ.