ಉಬ್ಬೆಲ್ಲ ಅನಿಲವಲ್ಲ

ಸಕ್ರಿಯ ಗೆಲಾಕ್ಸಿಗಳ ಕೇಂದ್ರದಲ್ಲಿರುವ ಕಪ್ಪುಕುಳಿಗೆ ಮೇವು ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಅಲ್ಲಿನ ತಣ್ಣನೆಯ ಆಣ್ವಿಕ ಅನಿಲದ ಲೆಕ್ಕ ಬೇಕು. ಆ ಲೆಕ್ಕ ಹಾಕುವುದೇ ನನ್ನ ಕೆಲಸ. ಅನಿಲದ ಬಹುಪಾಲು ಹೈಡ್ರೋಜನ್ ಅಣು. ಅದೋ, ಇಪ್ಪತ್ತು ಕೆಲ್ವಿನ್ ಚಳಿಯಲ್ಲಿ ಬಾಯಿಯನ್ನೇ ಬಿಡುವುದಿಲ್ಲ. ಹಾಗಾಗಿ ಜೊತೆಗಿರುವ ಕಾರ್ಬನ್ ಮಾನಾಕ್ಸೈಡ್ 115.27 ಗಿಗಾಹರ್ಟ್ಸ್‌ನಲ್ಲಿ ಹೊಮ್ಮಿಸುವ ರೇಡಿಯೋ ರೇಖೆಯನ್ನೇ ನಂಬಿದ್ದೇವೆ.

ತಂಡಕ್ಕೆ ಹೊಸಬರು ಬಂದಾಗ ನಾನು ಮೊದಲು ಹೇಳುವುದು, ರೋಹಿತದಲ್ಲಿ (ಯಾವ ಆವರ್ತಾಂಕದಲ್ಲಿ ಎಷ್ಟು ಸಂಕೇತ ಎಂದು ತೋರಿಸುವ ನಕ್ಷೆಯಲ್ಲಿ) ರೇಖೆಯಂತಹ ಉಬ್ಬು ಕಂಡ ಕೂಡಲೇ ಸಿಹಿ ಹಂಚಬೇಡಿ ಎಂದು. ಅನಿಲದ ವೇಗಕ್ಕೆ ತಕ್ಕಂತೆ ಆವರ್ತಾಂಕ ಜಾರುತ್ತದೆ, ಅದಕ್ಕೇ ರೇಖೆಯ ಅಗಲವನ್ನು ವೇಗದಲ್ಲಿ ಹೇಳುತ್ತೇವೆ. ಇಡೀ ಗೆಲಾಕ್ಸಿ ತಿರುಗುತ್ತಿರುವುದರಿಂದ ರೇಖೆ ಸೆಕೆಂಡಿಗೆ 300-400 ಕಿಲೋಮೀಟರ್ ಅಗಲಕ್ಕೆ ಹರಡಿಕೊಳ್ಳುತ್ತದೆ. ದೂರದ ಗೆಲಾಕ್ಸಿಯಾದರೆ ಎತ್ತರ ಕೆಲವೇ ಮಿಲಿಕೆಲ್ವಿನ್ (ಸಂಕೇತದ ಬಲವನ್ನು ನಾವು ಉಷ್ಣತೆಯ ಮಾನದಲ್ಲಿ ಹೇಳುತ್ತೇವೆ). ಇನ್ನು ರಿಸೀವರ್ ಒಳಗೆ ಒಂದು ಮೀಟರ್ ಅಂತರದ ಎರಡು ಮೇಲ್ಮೈಗಳ ನಡುವೆ ಅಲೆ ಪುಟಿದಾಡಿತು ಎನ್ನಿ. ರೋಹಿತದಲ್ಲಿ 150 ಮೆಗಾಹರ್ಟ್ಸ್‌ಗೊಮ್ಮೆ ಏರಿಳಿತ ಮೂಡುತ್ತದೆ. ವೇಗದಲ್ಲಿ ಹೇಳಿದರೆ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್. ಅಂದರೆ ನಾವು ಹುಡುಕುತ್ತಿರುವ ರೇಖೆಯ ಅಳತೆಯೇ! ಇದರ ಮೇಲೆ ಹೆಚ್ಚು ಘಾತದ ಬಹುಪದಿ (ಬೇಕಾದಂತೆ ಬಳುಕುವ ಗಣಿತದ ವಕ್ರರೇಖೆ) ಹಾಕಿ ತಳ ಸಪಾಟು ಮಾಡಲು ಹೊರಟರಂತೂ ಇಲ್ಲದ ರೇಖೆಯೂ ಎದ್ದು ನಿಲ್ಲುತ್ತದೆ.

ಈಚೆಗೆ ಕಿರಿಯ ಸಹೋದ್ಯೋಗಿಯೊಬ್ಬಳು ಅಂತಹ ಒಂದು ರೋಹಿತ ತಂದು, "ಇಷ್ಟು ಚೆನ್ನಾಗಿ ಕಾಣುತ್ತಿದೆಯಲ್ಲ ಸರ್" ಎಂದಳು. ಎರಡು ಧ್ರುವೀಕರಣಗಳನ್ನು, ಅಂದರೆ ಅಲೆ ಕಂಪಿಸುವ ಎರಡು ದಿಕ್ಕುಗಳ ದಾಖಲೆಗಳನ್ನು, ಬೇರೆ ಬೇರೆ ಮಾಡಿ ನೋಡಮ್ಮ ಎಂದೆ. ಒಂದರಲ್ಲಿ ದೊಡ್ಡ ಉಬ್ಬು, ಇನ್ನೊಂದರಲ್ಲಿ ಬರೀ ಗದ್ದಲ. ಗೆಲಾಕ್ಸಿಯ ಕಾರ್ಬನ್ ಮಾನಾಕ್ಸೈಡ್‌ಗೆ ಅಂತಹ ಪಕ್ಷಪಾತವಿಲ್ಲ.

ನನಗೆ ಇದಕ್ಕಿಂತ ಮೆಚ್ಚುಗೆಯಾದ ಪರೀಕ್ಷೆ ಕೆಲವು ತಿಂಗಳು ಬಿಟ್ಟು ಮತ್ತೆ ನೋಡುವುದು. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವುದರಿಂದ, ಕ್ರಾಂತಿವೃತ್ತದ (ಆಕಾಶದಲ್ಲಿ ಸೂರ್ಯ ಸಾಗುವ ದಾರಿಯ) ಹತ್ತಿರ ಕಾಣುವ ಗೆಲಾಕ್ಸಿಯ ರೇಖೆ ನಾವು ಅಳೆಯುವ ಆವರ್ತಾಂಕದಲ್ಲಿ ಇಪ್ಪತ್ತು ಮೆಗಾಹರ್ಟ್ಸ್‌ನಷ್ಟು ಸರಿಯಬಹುದು. ಉಪಕರಣದ ಏರಿಳಿತ ಇದ್ದಲ್ಲೇ ಇರುತ್ತದೆ. ಆದರೆ ವೀಕ್ಷಣೆಗೆ ಎರಡನೆಯ ಸಲ ಸಮಯ ಕೊಡಿಸಿಕೊಳ್ಳುವುದೇ ಒಂದು ಯುದ್ಧ, ಆ ಮಾತು ಬೇರೆ.

ರೇಖೆ ಎಲ್ಲಿ ಬೀಳಬೇಕು ಎಂಬುದನ್ನು ದತ್ತಾಂಶ ತೆರೆಯುವ ಮೊದಲೇ ಬರೆದಿಡಿಸುತ್ತೇನೆ. ಕೆಂಪು ಪಲ್ಲಟ (ಗೆಲಾಕ್ಸಿ ದೂರ ಸರಿಯುವುದರಿಂದ ರೇಖೆ ಕೆಳ ಆವರ್ತಾಂಕಕ್ಕೆ ಜಾರುವ ಪ್ರಮಾಣ) 0.05 ಇದ್ದರೆ 109.78 ಗಿಗಾಹರ್ಟ್ಸ್. ಬರೆಯುವುದು ಆವರ್ತಾಂಕವನ್ನೇ, ವೇಗವನ್ನಲ್ಲ. ಇದೇ ಗೆಲಾಕ್ಸಿಗೆ ದ್ಯುತಿ ಖಗೋಳದವರು ಹೇಳುವ ವೇಗಕ್ಕೂ ರೇಡಿಯೋದವರ ವೇಗಕ್ಕೂ ಸೆಕೆಂಡಿಗೆ 700 ಕಿಲೋಮೀಟರ್‌ಗೂ ಹೆಚ್ಚು ವ್ಯತ್ಯಾಸ; ಅವರು ತರಂಗಾಂತರದಿಂದ ಲೆಕ್ಕ ಹಾಕುತ್ತಾರೆ, ನಾವು ಆವರ್ತಾಂಕದಿಂದ. ಅಷ್ಟು ಜಾಗದಲ್ಲಿ ಒಂದು ಇಡೀ ರೇಖೆ ಕಳೆದುಹೋಗುತ್ತದೆ.