ಭಾವ ಧ್ಯಾನಕ್ಕೆ ಕೂತ ಹೊತ್ತು

"ಅವನು ಒಳಗೆ ಕೂತು ಉಸಿರು ನೋಡ್ಕೋತಾನೆ, ಇಲ್ಲಿ ನಮ್ಮ ಉಸಿರು ಕಟ್ಟತ್ತೆ."

ಅಕ್ಕನ ಅತ್ತೆ ಶನಿವಾರ ತಮ್ಮ ಮಗನ, ಅಂದರೆ ನನ್ನ ಭಾವನ ಬಗ್ಗೆ ಹೇಳಿದ ಮಾತು. ಆಫೀಸಿನಲ್ಲಿ, ಬಸ್ಸಿನಲ್ಲಿ, ಕೊನೆಗೆ ನಾನೇ ಬೆಳಿಗ್ಗೆ ಕಣ್ಣು ಮುಚ್ಚಿ ಕೂತಾಗಲೂ ಕಿವಿಯಲ್ಲಿ ಅದೇ. ಅವರೇನೂ ತಮಾಷೆ ಮಾಡಲಿಲ್ಲ. ಎಂಬತ್ತರ ಹತ್ತಿರದ ಜೀವ, ಚಳಿಗಾಲ ಬಂತೆಂದರೆ ಉಬ್ಬಸ. ಬಾಯಿಗೆ ಸೆರಗು ಒತ್ತಿಕೊಂಡು, ಬಂದ ಕೆಮ್ಮನ್ನು ನುಂಗಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ್ದು.

ಮೈಸೂರಿನ ಅಕ್ಕನ ಮನೆಯಲ್ಲಿ ಸಂಜೆ ಆರರಿಂದ ಏಳು ಭಾವನ ಧ್ಯಾನದ ಹೊತ್ತು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ, ಬೆಂಗಳೂರಿನ ತುಮಕೂರು ರಸ್ತೆಯ ಕಡೆ ಆಲೂರಿನಲ್ಲಿರುವ ಧಮ್ಮ ಪಫುಲ್ಲ ಅನ್ನುವ ಧ್ಯಾನ ಕೇಂದ್ರಕ್ಕೆ ಹೋಗಿ ಹತ್ತು ದಿನದ ವಿಪಸ್ಸನ (ಬೌದ್ಧ ಧ್ಯಾನ) ಶಿಬಿರ ಮುಗಿಸಿ ಬಂದರು. ಅಂದಿನಿಂದ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಶಿಬಿರದಲ್ಲಿ ಹೇಳಿಕೊಡುವುದೂ ಹಾಗೇ, ಅದರಲ್ಲಿ ತಪ್ಪೇನಿಲ್ಲ. ಸದ್ದು ಮಾಡಬೇಡಿ ಅಂತ ಅವರು ಯಾರಿಗೂ ಹೇಳಿಲ್ಲ ಅಂತ ಅಕ್ಕ ಆಣೆ ಮಾಡುತ್ತಾಳೆ. ಆದರೂ ಆರಕ್ಕೆ ಮುಂಚೆ ಮಿಕ್ಸಿ ಕೆಲಸ ಮುಗಿದಿರುತ್ತದೆ. ಕುಕ್ಕರ್ ಕೂಗಬಾರದೆಂದು ಅನ್ನ ಪಾತ್ರೆಯಲ್ಲಿ ಬೇಯಿಸಿ ಬಸಿಯುತ್ತಾಳೆ. ಕರೆಗಂಟೆಯ ಸ್ವಿಚ್ ಆರಿಸುತ್ತಾಳೆ. ಅತ್ತೆಯ ಸೀರಿಯಲ್ ಓಡುತ್ತಿರುತ್ತದೆ, ಸದ್ದಿಲ್ಲದೆ. "ಬಾಯಿ ಆಡೋದು ಕಂಡ್ರೆ ಸಾಕು ಬಿಡಮ್ಮ, ಇವ್ರೇನು ಹೊಸದಾಗಿ ಮಾತಾಡ್ತಾರೆ?" ಅಂತಾರೆ ಅತ್ತೆ.

ಶನಿವಾರ ನಾನು ಹೋದಾಗ ಅವರು ಟಿವಿ ಮುಂದೆ ಕೂತು ಅವರೆಕಾಳು ಹಿತುಕುತ್ತಿದ್ದರು. ಮಧ್ಯಾಹ್ನ ನೆನೆಹಾಕಿದ ಕಾಳು. ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಹಾರುತ್ತದೆ. ಹಾರಿದ್ದು ಸ್ಟೀಲ್ ಬೇಸಿನ್ನಿಗೆ ಬಿದ್ದು ಟಣ್ ಅನ್ನಬೇಕು. ನಮ್ಮಮ್ಮನ ಮನೆಯಲ್ಲಿ ಜನವರಿ ಅಂದರೆ ಅದೇ ಸದ್ದು. ಇಲ್ಲಿ ಅನ್ನಲಿಲ್ಲ. ಬಗ್ಗಿ ನೋಡಿದರೆ, ಬೇಸಿನ್ನಿನ ತಳಕ್ಕೆ ಅತ್ತೆ ಟವೆಲ್ ಹಾಸಿದ್ದರು. ನಾಲ್ಕು ಮಡಿಕೆ ಮಾಡಿ, ನೀಟಾಗಿ, ಮೂಲೆ ಸರಿಪಡಿಸಿ.

ಆ ಟವೆಲ್ ಇದೆಯಲ್ಲ, ಅದು ನನ್ನನ್ನು ಬಿಡುತ್ತಿಲ್ಲ.

ಅದೂ ಇದೂ ಮಾತಾಡಿ ಮುಗಿಸಿ ಅಡುಗೆಮನೆಗೆ ಹೋಗೋಣ ಅಂತ ಎದ್ದೆ. ಅಷ್ಟರಲ್ಲಿ ಅತ್ತೆಗೆ ಕೆಮ್ಮು ಒತ್ತರಿಸಿ ಬಂತು. ಸೆರಗು ಎತ್ತುವ ಗಡಿಬಿಡಿಯಲ್ಲಿ ಮೊಣಕೈ ತಗುಲಿ ಬೇಸಿನ್ ಮಗುಚಿತು. ಟವೆಲ್ ಒಂದು ಕಡೆ, ಬೇಳೆ ಒಂದು ಕಡೆ, ಬೇಸಿನ್ನು ಗ್ರಾನೈಟ್ ನೆಲದ ಮೇಲೆ ಗಿರಗಿರ ತಿರುಗಿ ತಿರುಗಿ ನಿಂತಿತು. ರೂಮಿನ ಬಾಗಿಲು ತೆರೆಯಿತು. ಭಾವ ಹೊರಗೆ ಬಂದು ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದರು. ಆಮೇಲೆ ಒಂದೊಂದೇ ಪದ ಬಿಡಿಸಿ, ಮೆಲ್ಲಗೆ, "ನನಗೇನೂ ಸಿಟ್ಟಿಲ್ಲ. ಬರೀ ಗಮನಿಸ್ತಾ ಇದೀನಿ" ಅಂದು ಬಾಗಿಲು ಹಾಕಿಕೊಂಡರು.

ಅಕ್ಕ ನನ್ನ ಮುಖ ನೋಡಿದಳು. "ಮುಂಚೆ ಕಿರುಚಾಡ್ತಿದ್ರು ಕಣೇ. ಹತ್ತು ನಿಮಿಷಕ್ಕೆ ಅವರೇ ಬಂದು ಕಾಫಿ ಕೇಳೋರು, ಮುಗೀತಿತ್ತು. ಈಗ ಮುಗಿಯೋದೇ ಇಲ್ಲ."

ಭಾವನ ಬಗ್ಗೆ ಒಂದೇ ಕಡೆ ಹೇಳಬಾರದು. ಮೊದಲು ಸ್ಕೂಟರ್ ಹತ್ತಿದರೆ ಕುವೆಂಪುನಗರದಿಂದ ಅಗ್ರಹಾರದವರೆಗೂ ಎದುರಿಗೆ ಬಂದವರಿಗೆಲ್ಲ ಮಂಗಳಾರತಿ. ಈಗ ಅದಿಲ್ಲ. ರಾತ್ರಿ ನಿದ್ದೆ ಬರುತ್ತಿದೆ. ಅವರಿಗೆ ಒಳ್ಳೆಯದಾಗಿದೆ, ಅದು ಮುಖ ನೋಡಿದರೇ ಗೊತ್ತಾಗುತ್ತದೆ. ಆ ಒಳ್ಳೆಯದಕ್ಕೆ ಬಾಡಿಗೆ ಕಟ್ಟುತ್ತಿರುವವರು ಯಾರು ಅನ್ನುವುದೇ ನನ್ನ ತಕರಾರು.

ನಾನೂ ಅದೇ ಶಿಬಿರಕ್ಕೆ ಹೋಗಿ ಬಂದವಳು. ಬೆಳಿಗ್ಗೆ ನಾಲ್ಕಕ್ಕೆ ಗಂಟೆ, ಫೋನು ಪುಸ್ತಕ ಎಲ್ಲ ಒಪ್ಪಿಸಿಬಿಡಬೇಕು, ಹತ್ತನೇ ದಿನದವರೆಗೂ ಮೌನ. ಮೊದಲ ಮೂರು ದಿನ ಮೂಗಿನ ತುದಿಯ ಉಸಿರು ಬಿಟ್ಟು ಬೇರೇನಿಲ್ಲ. ದುಡ್ಡು ಕೇಳುವುದಿಲ್ಲ, ಹಿಂದೆ ಕಲಿತವರು ಕೊಟ್ಟ ದಾನದಲ್ಲೇ ಊಟ ವಸತಿ. ಎಲ್ಲ ಸರಿ. ಆದರೆ ಹೊರಡುವ ಮುಂಚೆ ನಾನು ಸಾರಿನ ಪುಡಿ ಮಾಡಿಟ್ಟೆ, ದೋಸೆ ಹಿಟ್ಟು ರುಬ್ಬಿಟ್ಟೆ, ಮಗಳ ಟ್ಯೂಷನ್ನಿಗೆ ಆಟೋದವನನ್ನು ಗೊತ್ತು ಮಾಡಿದೆ, ಅಮ್ಮನನ್ನು ಊರಿಂದ ಕರೆಸಿದೆ. ಭಾವ ಬ್ಯಾಗ್ ತಗೊಂಡು ಹೊರಟರು. ಅದನ್ನೂ ಜೋಡಿಸಿದವಳು ಅಕ್ಕ.

ನನಗೆ ಅಭ್ಯಾಸ ಉಪಯೋಗಕ್ಕೆ ಬಂದಿದ್ದು ಹೆಚ್ಚಾಗಿ ಸದ್ದಿನ ನಡುವೆಯೇ. ಆಫೀಸಿನಲ್ಲಿ ಒಬ್ಬ ಮಹಾನುಭಾವರಿದ್ದಾರೆ, ನಾನು ಹೇಳಿದ್ದನ್ನೇ ಎರಡು ನಿಮಿಷ ಬಿಟ್ಟು ತಮ್ಮ ಮಾತಾಗಿ ಹೇಳುತ್ತಾರೆ. ಸಿಟ್ಟು ಮನಸ್ಸಿಗೆ ಬರುವ ಮುಂಚೆ ನನ್ನ ಕಿವಿಯ ತುದಿಗೆ ಬರುತ್ತದೆ, ಬಿಸಿಯಾಗುತ್ತದೆ. ಆಮೇಲೆ ದವಡೆ ಬಿಗಿಯುತ್ತದೆ. ಕಿವಿ ಬಿಸಿಯಾದದ್ದು ಗೊತ್ತಾದರೆ ದವಡೆಯವರೆಗೆ ಹೋಗುವಷ್ಟರಲ್ಲಿ ಒಂದು ಉಸಿರಿನ ಬಿಡುವು ಸಿಗುತ್ತದೆ. ಅಷ್ಟೇ. ಸಿಟ್ಟು ಹೋಗುವುದಿಲ್ಲ. ಏನು ಹೇಳಬೇಕೋ ಅದನ್ನು ನೆಟ್ಟಗೆ ಹೇಳಲು ಆ ಬಿಡುವು ಸಾಕು, ಹೇಳಿಯೂ ಇದ್ದೇನೆ.

ಈ ವಿದ್ಯೆ ನಮ್ಮವರೆಗೆ ಬಂದಿದ್ದೇ ಸಂಸಾರಸ್ಥರಿಂದ. ಈ ಶಿಬಿರಗಳನ್ನು ಇಲ್ಲಿ ಶುರು ಮಾಡಿದ ಗೋಯೆಂಕಾ ಬರ್ಮಾದ ಮಂಡಾಲೆಯಲ್ಲಿ ಹುಟ್ಟಿದ ವ್ಯಾಪಾರಿ, ಮೈಗ್ರೇನ್ ತಾಳಲಾರದೆ 1955ರಲ್ಲಿ ರಂಗೂನಿನ ಧ್ಯಾನಗುರು ಊ ಬಾ ಖಿನ್ ಹತ್ತಿರ ಹೋದರು, 1969ರಲ್ಲಿ ಭಾರತಕ್ಕೆ ಬಂದು ಕಲಿಸತೊಡಗಿದರು. ಊ ಬಾ ಖಿನ್ ಸನ್ಯಾಸಿಯೇನಲ್ಲ. ಸ್ವತಂತ್ರ ಬರ್ಮಾದ ಮೊದಲ ಅಕೌಂಟೆಂಟ್ ಜನರಲ್. ಕಚೇರಿಯ ಸಿಬ್ಬಂದಿಗೇ ಧ್ಯಾನ ಕಲಿಸಿದರು, ಲೆಕ್ಕದ ಕಡತಗಳ ಮಧ್ಯೆ. ಲೆಕ್ಕಪತ್ರದಲ್ಲೇ ಕೂದಲು ಬೆಳ್ಳಗಾದ ನಮ್ಮ ಭಾವನಿಗೆ ಇದು ಮೆಚ್ಚುವ ಸಂಗತಿ, ಬಂದವರಿಗೆಲ್ಲ ಹೇಳುತ್ತಾರೆ.

ಅವತ್ತು ರಾತ್ರಿ ಊಟಕ್ಕೆ ಹಿತಕಿದ ಬೇಳೆ ಸಾರು. ಭಾವ ಎಡಗೈಯಲ್ಲಿ ಫೋನು ಹಿಡಿದು ಯಾರೋ ಕಳಿಸಿದ ಧಮ್ಮಪ್ರವಚನ ಓದುತ್ತ ಉಂಡರು. ಎರಡನೇ ಸಲ ಬಡಿಸಿಕೊಂಡಾಗ, "ಇವತ್ತು ಏನು ಸಾರು?" ಅಂತ ಕೇಳಿದರು.

ಎಚ್ಚರದ ಬಗ್ಗೆ ಬುದ್ಧ ಮಾಡಿದ ಉಪದೇಶ ಸತಿಪಟ್ಠಾನ ಸುತ್ತ. ಅದರಲ್ಲಿ ಉಸಿರಿನ ಮಾತು ಮುಗಿದ ಮೇಲೆ ದೊಡ್ಡದೊಂದು ಪಟ್ಟಿ ಬರುತ್ತದೆ. ಮುಂದೆ ಹೋಗುವಾಗ, ಹಿಂದೆ ಬರುವಾಗ, ಮೈ ಬಗ್ಗಿಸುವಾಗ, ಚಾಚುವಾಗ, ಉಣ್ಣುವಾಗ, ಅಗಿಯುವಾಗ, ರುಚಿ ನೋಡುವಾಗ, ಮಲಮೂತ್ರಕ್ಕೆ ಕೂತಾಗ, ಮಾತಾಡುವಾಗ, ಸುಮ್ಮನಿರುವಾಗ, ಎಲ್ಲದರಲ್ಲೂ ಎಚ್ಚರ ಇರಲಿ ಅಂತ. ಹಾಗಂತ ಏಕಾಂತ ಬೇಡ ಅಂತಲೂ ಅಲ್ಲ. ಕಾಡಿಗೋ, ಮರದ ಬುಡಕ್ಕೋ, ಖಾಲಿ ಮನೆಗೋ ಹೋಗಿ ಕೂತುಕೋ ಅಂತಲೇ ಶುರುವಾಗುತ್ತದೆ. ಖಾಲಿ ಮನೆ ಹುಡುಕಿಕೊಂಡು ಹೋಗಬೇಕು. ಜನ ಇರುವ ಮನೆಯನ್ನೇ ದಿನಕ್ಕೊಂದು ಗಂಟೆ ಖಾಲಿ ಮನೆ ಮಾಡಿಕೊಳ್ಳುವ ಉಪಾಯ ನಮ್ಮ ಭಾವನದು. ಅದೇ ಸುತ್ತದಲ್ಲಿ ಮತ್ತೆ ಮತ್ತೆ ಬರುವ ಮಾತು ಇನ್ನೊಂದಿದೆ: ಒಳಗೂ ನೋಡು, ಹೊರಗೂ ನೋಡು, ಒಳಗೆ ಹೊರಗೆ ಎರಡನ್ನೂ ನೋಡು. ಹೊರಗೆ ಹಾಲ್‌ನಲ್ಲಿ ಒಂದು ಉಸಿರು ಗೊರಗೊರ ಅನ್ನುತ್ತಿತ್ತು.

ಇಲ್ಲಿಗೆ ಬಂದ ಮೇಲೆ ಅತ್ತೆಯೇ ನಿಜವಾದ ಧ್ಯಾನಿ, ಒಂದೊಂದು ಕಾಳಿನಲ್ಲೂ ಮನಸ್ಸಿಟ್ಟಿದ್ದರು ಅಂತ ಬರೆದುಬಿಡಬಹುದು. ಓದುವವರಿಗೂ ಹಿತ. ಆದರೆ ಸುಳ್ಳು. ಅವರ ಕೈ ಕಾಳಿನ ಮೇಲಿತ್ತು, ಕಣ್ಣು ಟಿವಿ ಮೇಲಿತ್ತು, ಮನಸ್ಸು ದೊಡ್ಡ ಸೊಸೆ ಸಂಕ್ರಾಂತಿಗೆ ಫೋನ್ ಮಾಡದ್ದರ ಮೇಲಿತ್ತು.

ಭಾನುವಾರ ಭಾವನೇ ಬಸ್‌ಸ್ಟ್ಯಾಂಡಿಗೆ ಬಿಡಲು ಬಂದರು. ಸ್ಕೂಟರಿನ ಹಿಂದೆ ಕೂತು ನಾನು ಅವರಿಗೆ ವೇದೇಹಿಕೆಯ ಕಥೆ ಹೇಳಿದೆ. ಬುದ್ಧನ ಉಪದೇಶಗಳ ಸಂಗ್ರಹವಾದ ಮಜ್ಝಿಮ ನಿಕಾಯದಲ್ಲಿದೆ, ಭಿಕ್ಷುಗಳಿಗೆ ಬುದ್ಧನೇ ಹೇಳಿದ್ದು. ಶ್ರಾವಸ್ತಿಯಲ್ಲಿ ವೇದೇಹಿಕೆ ಅಂತ ಒಬ್ಬ ಗೃಹಿಣಿ. ಸೌಮ್ಯೆ, ವಿನಯವಂತೆ, ಶಾಂತೆ ಅಂತ ಊರೆಲ್ಲ ಹೊಗಳಿಕೆ. ಮನೆಯ ದಾಸಿ ಕಾಳಿ ಚುರುಕಿನವಳು. ಅವಳಿಗೆ ಒಂದು ಅನುಮಾನ: ಒಡತಿಗೆ ಸಿಟ್ಟು ನಿಜಕ್ಕೂ ಇಲ್ಲವೋ, ಇಲ್ಲಾ ನನ್ನ ಕೆಲಸ ಅಚ್ಚುಕಟ್ಟಾಗಿರುವುದರಿಂದ ಹೊರಗೆ ಬರುತ್ತಿಲ್ಲವೋ? ಪರೀಕ್ಷೆ ಮಾಡಲು ಒಂದು ದಿನ ತಡವಾಗಿ ಎದ್ದಳು. ಒಡತಿ ಹುಬ್ಬು ಗಂಟಿಕ್ಕಿದಳು. ಇನ್ನೊಂದು ದಿನ ಇನ್ನೂ ತಡ. ಬೈಗುಳ ಬಂತು. ಮತ್ತೂ ತಡ ಮಾಡಿದ ದಿನ ಒಡತಿ ಬಾಗಿಲ ಅಗುಳಿ ಕಿತ್ತು ತಲೆಗೆ ಹೊಡೆದಳು. ಕಾಳಿ ಸೋರುವ ರಕ್ತದಲ್ಲೇ ಬೀದಿಗೆ ಹೋಗಿ, ನೋಡ್ರಮ್ಮಾ ನಿಮ್ಮ ಸೌಮ್ಯೆಯ ಕೆಲಸ ಅಂತ ನೆರೆಯವರಿಗೆ ತೋರಿಸಿದಳು.

ಭಾವ ಸಿಗ್ನಲ್ಲಿನಲ್ಲಿ ನಿಂತಾಗ ತಿರುಗಿ ಕೇಳಿದರು, "ಆಮೇಲೆ ಕಾಳಿಗೆ ಏನಾಯ್ತು?"

ನಾನು ಈ ಪ್ರಶ್ನೆ ನಿರೀಕ್ಷಿಸಿರಲಿಲ್ಲ. ಕಥೆ ಚುಚ್ಚಲಿ ಅಂತಲೇ ಹೇಳಿದ್ದು. ಚುಚ್ಚಿತೋ ಇಲ್ಲವೋ, ಮನುಷ್ಯ ಕೇಳಿದ್ದು ಮಾತ್ರ ಸರಿಯಾದ ಪ್ರಶ್ನೆ. "ಹೇಳಿಲ್ಲ ಭಾವ. ಕಥೆ ಅಲ್ಲಿಂದ ಭಿಕ್ಷುಗಳ ಕಡೆ ತಿರುಗತ್ತೆ. ಕಟು ಮಾತು ಬಿದ್ದಾಗಲೂ ಶಾಂತನಾಗಿರೋನೇ ಶಾಂತ, ಅಂತ" ಅಂದೆ. "ಅವಳಿಗೆ ಯಾರಾದ್ರೂ ಅರಿಶಿನ ಹಚ್ಚಿರ್ತಾರೆ ಬಿಡು" ಅಂದರು. ಹಸಿರು ದೀಪ ಬಂತು.

ಎಲ್ಲರೂ ವೇದೇಹಿಕೆಯ ಸಿಟ್ಟಿನ ಬಗ್ಗೆಯೇ ಮಾತಾಡುತ್ತಾರೆ. ಶಾಂತಿ ಎಷ್ಟು ಗಟ್ಟಿ ಅಂತ ಅಳೆದು ನೋಡಿದವಳು ಕಾಳಿ, ಅದಕ್ಕೆ ತಲೆ ಒಡ್ಡಿದವಳೂ ಅವಳೇ. ಮರುದಿನ ಬೆಳಿಗ್ಗೆ ಅದೇ ಮನೆಯಲ್ಲಿ ಕಸ ಗುಡಿಸಿರಬೇಕು. ದಾಸಿ ಅಲ್ಲವೇ, ಬಿಟ್ಟು ಎಲ್ಲಿಗೆ ಹೋಗುತ್ತಾಳೆ? ಅಕ್ಕನಿಗೂ ಅತ್ತೆಗೂ ಪರೀಕ್ಷೆ ಮಾಡುವ ಉಮೇದು ಇಲ್ಲ. ಒಂದು ಶನಿವಾರ ಆರೂ ಕಾಲಿಗೆ ಕುಕ್ಕರ್ ಕೂಗಿಸೇ ಅಂದರೆ ಅಕ್ಕ ನನ್ನನ್ನೇ ಬೈಯುತ್ತಾಳೆ.

ಬುಧವಾರ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಭಾವ ವೇದೇಹಿಕೆಯ ಕಥೆ ಹಾಕಿದ್ದಾರೆ. ಚೆನ್ನಾಗಿಯೇ ಬರೆದಿದ್ದಾರೆ, ಕೊನೆಗೆ ಕೈಮುಗಿದ ಚಿತ್ರಗಳ ಸಾಲು. ಮೊದಲ ಉತ್ತರ ಅವರ ಚಿಕ್ಕಪ್ಪನದು: "ಈಗಿನ ಕೆಲಸದವರೂ ಹೀಗೇ, ಬೇಕಂತಲೇ ಲೇಟಾಗಿ ಬರ್ತಾರೆ." ಅದರ ಕೆಳಗೆ ಉದ್ದಕ್ಕೂ ಹೆಬ್ಬೆಟ್ಟುಗಳು. ಅಕ್ಕನದೂ ಒಂದಿದೆ.